ತಿರುವಿನ ಉಬ್ಬುಗನ್ನಡಿ

ನಾಗನಾಥನಿಗೆ ನಾನು ಮೊದಲು ಕೊಟ್ಟಿದ್ದು ಕಲ್ಲೇಟು. ಅದೂ ಗುರಿ ತಪ್ಪಿ.

ಗುರಿಯಿಟ್ಟಿದ್ದು ಮೋರಖಂಡಿಯ ನಮ್ಮ ಓಣಿಯ ತಿರುವಿನಲ್ಲಿ ಅವನು ಕಂಬಕ್ಕೆ ಹಾಕಿದ್ದ ಕನ್ನಡಿಗೆ. ಹೊಸ್ತಿಲಲ್ಲಿ ಕೂತು ತಲೆ ಬಾಚುತ್ತಿದ್ದೆ. ಕತ್ತೆತ್ತಿದರೆ ಅದರೊಳಗೆ ಒಬ್ಬ ಗಂಡಸು! ಗೋಡೆಯಾಚೆಯ ವೆಲ್ಡಿಂಗ್ ಅಂಗಡಿಯಿಂದ ನನ್ನನ್ನೇ ನೋಡುತ್ತಿದ್ದಾನೆಂದು ಮೈಯೆಲ್ಲ ಉರಿಯಿತು. ಎಸೆದ ಕಲ್ಲು ಕನ್ನಡಿಯ ಅಂಚಿಗೆ ತಾಗಿ ಸಿಡಿದು ಅವನ ಹುಬ್ಬು ಒಡೆಯಿತು.

ರಕ್ತ ಒರೆಸಿಕೊಳ್ಳುತ್ತ ಬಂದ. "ತಿರುವಿನಾಗ ಟ್ರ್ಯಾಕ್ಟರ್ ಬಂದ್ರ ಕಾಣ್ಲಿ ಅಂತ ಹಾಕೀನ್ರಿ. ಉಬ್ಬಿದ ಕನ್ನಡಿ ಅದ. ಇಡೀ ಓಣಿ ಕಾಣ್ತದ, ಆದ್ರ ಎಲ್ಲಾ ಸಣ್ಣಗ. ನೀವು ಶೇಂಗಾಬೀಜದಷ್ಟ ಕಾಣ್ತೀರಿ. ಏನ್ ನೋಡ್ಲಿ?"

"ಶೇಂಗಾಬೀಜಾ? ನಾನಾ?"

"ಬಡದ ಮ್ಯಾಲ ಈಗ ದೊಡ್ಡವರಾಗಿ ಕಾಣಾಕತ್ತೀರಿ ನೋಡ್ರಿ."

ಸಿಟ್ಟೂ ಬಂತು, ನಗುವೂ ಬಂತು. ಅಂದಿನಿಂದ ನನ್ನ ತಲೆ ಬಾಚುವ ಕೆಲಸ ಮುಗಿಯಲೇ ಇಲ್ಲ.

ಅವನು ವೆಲ್ಡಿಂಗ್ ಮುಖವಾಡ ಎತ್ತಿ ಕನ್ನಡಿ ನೋಡುತ್ತಿದ್ದ, ನಾನು ಜಡೆ ಮುಂದೆ ಹಾಕಿಕೊಂಡು ನೋಡುತ್ತಿದ್ದೆ. ಅಷ್ಟು ಸಣ್ಣ ಬಿಂಬದಲ್ಲಿ ಅವನ ಕಣ್ಣು ಕಾಣದಿದ್ದರೂ ನಕ್ಕಿದ್ದು ಗೊತ್ತಾಗುತ್ತಿತ್ತು. ನನಗೆ ಅವನು ಬೇಕಿತ್ತು. ಅಷ್ಟರಲ್ಲಿ ನಮ್ಮಣ್ಣ ಹಣಮಂತ ಹುಮನಾಬಾದಿನಲ್ಲಿ ನನಗೊಂದು ವರ ಗೊತ್ತು ಮಾಡಿ ಬಂದಿದ್ದ.

ಒಂದು ಸಂಜೆ ಕನ್ನಡಿಯಲ್ಲಿ ನಾಗನಾಥನ ಪಕ್ಕ ಇನ್ನೊಬ್ಬ ನಿಂತಿದ್ದ. ಯಾರೋ ಗಿರಾಕಿ ಎಂದುಕೊಂಡೆ. ಅಷ್ಟು ಸಣ್ಣಗೆ ಕಂಡವನ ಮುಖ ಹೇಗೆ ತಿಳಿಯಬೇಕು? ಜಡೆಯ ಹೂವು ಕಿತ್ತು ತುಟಿಗೊತ್ತಿ ತೋರಿಸಿದೆ. ನಾಗನಾಥ ನಿಂತ ಕಡೆ ಯಾರು ನಿಂತರೂ ಅವರಿಗೆ ನಾನು ಕಾಣುತ್ತೇನೆ ಎಂಬುದು ನನ್ನ ಈ ಮಂಗನ ತಲೆಗೆ ಹೊಳೆಯಲಿಲ್ಲ.

ಗಿರಾಕಿ ಬಗ್ಗಿ ಕಬ್ಬಿಣದ ಸಲಾಕೆ ಎತ್ತಿಕೊಂಡ. ಎತ್ತಿದ ರೀತಿಯಲ್ಲೇ ಗುರುತು ಸಿಕ್ಕಿತು: ನಮ್ಮಣ್ಣ! ಎಷ್ಟು ಸಣ್ಣಗೆ ಕಂಡರೂ ತನ್ನ ಮನೆಯ ಹೊಸ್ತಿಲು ಅವನಿಗೆ ಗೊತ್ತಾಗದೇ ಇರುತ್ತದೆಯೇ?

ಕನ್ನಡಿಯಲ್ಲಿ ಬೆಂಕಿಕಡ್ಡಿಯಷ್ಟಿದ್ದ ಸಲಾಕೆ, ನಾನು ಓಡಿ ತಿರುವು ದಾಟಿದಾಗ ನನ್ನ ಮಣಿಕಟ್ಟಿನಷ್ಟು ದಪ್ಪವಿತ್ತು. ನಾಗನಾಥನ ಎಡಗೈ ಮುರಿದು ನೇತಾಡುತ್ತಿತ್ತು, ಬಾಯಿ ತುಂಬ ರಕ್ತ. ಮುಂದಿನ ಏಟು ಅವನ ತಲೆಗೇ. ನಡುವೆ ಬಿದ್ದೆ. ನನ್ನ ಭುಜ ಲಟಕ್ಕೆಂದಿತು. ಆ ನೋವಿನಲ್ಲೇ ಅಣ್ಣನ ಕೈ ಕಚ್ಚಿದೆ, ರಕ್ತ ಬರುವ ತನಕ ಬಿಡಲಿಲ್ಲ. ಸಲಾಕೆ ಬಿತ್ತು.

"ಏ ವಿಜಯಶ್ರೀ, ಸರಿ ಆಚಿಗಿ! ಇವನ ಕಾಲೂ ಮುರಿತೀನಿ."

"ಮುರಿ ಅಣ್ಣಾ, ಹೊತ್ಕೊಂಡು ಹೋಗ್ತೀನಿ. ಹುಮನಾಬಾದ್ ವರಗ ಈಗೇ ಫೋನ್ ಹಚ್ಚಿ ಹೇಳು, ನನ್ನ ಲಗ್ನ ಇವರ ಜೋಡಿ ಅಂತ."

ಅಣ್ಣ ತಾನೇ ಮುರಿದ ನನ್ನ ಭುಜ ನೋಡಿದ. ಮತ್ತೆ ಕೈ ಎತ್ತಲಿಲ್ಲ.

ನಾಗನಾಥ ರಕ್ತ ಉಗುಳಿ ನಕ್ಕ. "ನನಗೊಂದ್ ಮಾತ್ ಕೇಳ್ಬೇಕಿತ್ತಲ್ರಿ?"

"ಏನ್ ಕೇಳೋದದ? ಒಲ್ಲೆ ಅಂದ್ರ ಇನ್ನೊಂದ್ ಕೈ ನಾ ಮುರಿತೀನಿ."

"ಒಲ್ಲೆ ಅನ್ನಾಂಗಿಲ್ರಿ. ಮೊದಲ ಬಸವಕಲ್ಯಾಣದ ದವಾಖಾನಿಗಿ ಜಲ್ದಿ ನಡೀರಿ."

ಅವನನ್ನು ಎಬ್ಬಿಸಲು ನನಗೆ ಉಳಿದದ್ದು ಒಂದೇ ಕೈ. ಇನ್ನೊಂದು ಬದಿಯಿಂದ ಹಿಡಿದವನು ಅಣ್ಣ.