ಬಾರ್ಲಿಯ ಸಿಹಿ ಕದ್ದವರು

ಪಟಗೋನಿಯಾದ ಬೆಟ್ಟದ ಬುಡದಲ್ಲಿ ಒಂದು ಮನೆ, ಆ ಮನೆಯಲ್ಲಿ ಒಂದು ಮೂಟೆ ಮೊಳಕೆ ಬಾರ್ಲಿ, ಆ ಬಾರ್ಲಿಯ ಹೊಟ್ಟೆಯಲ್ಲಿ ಸಿಹಿ ಇತ್ತಂತೆ. ಒಂದು ಬೆಳಿಗ್ಗೆ ನೋಡಿದರೆ ಬಾರ್ಲಿ ಇದೆ, ಸಿಹಿ ಇಲ್ಲ.

ಬೀಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ ಬಸಿದ ರಸದಲ್ಲಿ ನೆಲಿದಾ ಗಾಜಿನ ಅಳತೆಗೋಲು ಬಿಟ್ಟಳು. ಸಿಹಿಯಿದ್ದರೆ ಮೇಲೆ ತೇಲಬೇಕು. ಅದು ಮುಳುಗಿತು. ಹಿಂದಿನ ಎರಡು ಸಲವೂ ಹೀಗೇ ಆಗಿ ರಸ ಚೆಲ್ಲಿದ್ದಾಗಿತ್ತು. ಇದು ಕೊನೆಯ ಮೂಟೆ. ತಂಗಿಯ ಮದುವೆಗೆ ಬಿಯರು ತನ್ನದೇ ಎಂದು ಅವಳು ಮಾತು ಕೊಟ್ಟಿದ್ದಳು.

ಕೂಗಾಡಲೂ ತ್ರಾಣವಿರಲಿಲ್ಲ. ಗಂಡನ ಕಡೆ ತಿರುಗಿದಳು.

“ದಪ್ಪ ಬೀಸಿದೀಯ ಎವರಿಸ್ತೊ. ಇನ್ಮೇಲೆ ನನ್ನ ಪಾತ್ರೆ ಹತ್ರ ಬರ್ಬೇಡ.”

ಎವರಿಸ್ತೊ ಟೋಪಿ ಎತ್ತಿಕೊಂಡ. ಹೋಗಿ ಪಕ್ಕದ ಮನೆಯ ಜುಲೆಮಾಳನ್ನು ಕರೆತಂದ. ವಿಮೆಯವರಿಗಾಗಿ ಸುಟ್ಟ ಅಂಗಡಿಗಳಲ್ಲಿ ಸುಳ್ಳು ಹುಡುಕಿ ಹುಡುಕಿ ಬಳಲಿ ನಿವೃತ್ತಳಾದವಳು. ಬಂದವಳೇ ಕುರ್ಚಿ ಎಳೆದುಕೊಂಡು ಕುಸಿದಳು.

“ಕಳ್ಳ ಮನೆಯೋನೇ ಅಂತೀಯ?”

“ಮತ್ತಿನ್ಯಾರು?”

ಜುಲೆಮಾ ಬೀಸಿದ ಬಾರ್ಲಿಯನ್ನು ಬೆರಳಲ್ಲಿ ತಿಕ್ಕಿದಳು. ಕಾಳು ಚೆನ್ನಾಗಿಯೇ ಒಡೆದಿತ್ತು. ಗಾಯಕ್ಕೆ ಹಚ್ಚುವ ಅಯೋಡಿನ್ ತರಿಸಿ ರಸಕ್ಕೆ ಒಂದು ಹನಿ ಬಿಟ್ಟಳು. ಕಪ್ಪಾಯಿತು.

“ಶಾಲೇಲಿ ಆಲೂಗಡ್ಡೆ ಮೇಲೆ ಹಾಕ್ತಿದ್ರಲ್ಲ, ಅದೇ. ಹಿಟ್ಟು ಹಿಟ್ಟಾಗೇ ಇದೆ. ಸಿಹಿ ಹುಟ್ಟೇ ಇಲ್ಲ ಮಾರಾಯ್ತಿ. ನೀರಿನ ಬಿಸಿ ನೋಡಿದ್ಯಾ?”

“ನೋಡಿ, ಸರಿಯಾಗಿದೆ ಅಂತ್ಲೇ ಒಲೆ ಆರಿಸಿ ಮುಚ್ಚಿದ್ದು.”

“ಆಮೇಲೆ?”

“ಇವನು ಬೀಸಿ ಮುಗಿಸೋವರೆಗೂ ಕೂತು ಮಾಟೆ ಕುಡಿದ್ವಿ.”

“ಬಾರ್ಲಿ ಸುರಿಯೋ ಮುಂಚೆ ಇನ್ನೊಮ್ಮೆ ನೋಡಿದ್ಯಾ?”

“ಒಂದ್ಸಲ ನೋಡಿದ ನೀರನ್ನ—ಯಾಕೆ?”

ಅಷ್ಟರಲ್ಲಿ ನೆಲಿದಾಳ ತಾಯಿ ಎರ್ಸಿಲಿಯಾ ಸೋರೆಬುರುಡೆಯಲ್ಲಿ ಮಾಟೆ ಸೊಪ್ಪಿನ ಬಿಸಿ ಕಷಾಯ ತಂದಳು. “ಕುಡಿ ಮಗಳೇ, ಮುಖ ಬಾಡಿದೆ.”

ಜುಲೆಮಾ ಬುರುಡೆ ಇಸಿದುಕೊಂಡು ಅದರ ಕೊಳವೆಯಿಂದ ಒಂದು ಗುಟುಕು ಹೀರಿದಳು. ಎದ್ದು ಅಡುಗೆಮನೆಗೆ ಹೋಗಿ ಬಂದಳು.

“ನಿಮ್ಮ ಒಲೆ ತಣ್ಣಗಿದೆ, ಕೆಟಲು ಒಣಗಿದೆ. ಮಾಟೆ ಮಾತ್ರ ಬಿಸಿ. ನೀರೆಲ್ಲಿಂದ ಅಮ್ಮ?”

“ಅಲ್ಲಿಂದ,” ಮುದುಕಿ ಬಿಯರಿನ ನೀರಿನ ಪಾತ್ರೆ ತೋರಿಸಿದಳು. “ಕುದ್ದ ನೀರು ಹಾಕಿದ್ರೆ ಮಾಟೆ ಸುಟ್ಟುಹೋಗುತ್ತೆ. ಇವಳು ಕಾಯಿಸೋ ನೀರು ಹೇಳಿಮಾಡಿಸಿದ ಹಾಗಿರುತ್ತೆ. ಬೆಳಿಗ್ಗೆಯಿಂದ ಅದನ್ನೇ ಫ್ಲಾಸ್ಕಿಗೆ ತುಂಬ್ಕೊಂಡಿದೀನಿ. ಪುಕ್ಕಟೆ ತಗೊಂಡಿಲ್ಲಮ್ಮ—ತಗೊಂಡಷ್ಟನ್ನೂ ತುಂಬಿಸಿಟ್ಟಿದೀನಿ.”

“ಯಾವ ನೀರಿಂದ?”

“ಝರಿ ನೀರಿಂದ.”

ಝರಿಯೆಂದರೆ ಹಿಮ ಕರಗಿದ ನೀರು.

“ಕಳ್ಳಿ ನಾನೇ ಅನ್ನು,” ಎಂದಳು ಎರ್ಸಿಲಿಯಾ, ಸಣ್ಣಗೆ.

“ನೀವೇ ಅಮ್ಮ. ಬಿಸಿ ಕದ್ರಿ, ಸಿಹಿ ಹುಟ್ಲಿಲ್ಲ. ಅಳಿಯನದ್ದೇನೂ ತಪ್ಪಿಲ್ಲ.”

ನೆಲಿದಾ ನಿಧಾನವಾಗಿ ಎದ್ದಳು. “ಬಿಸಿ ಸಾಲದ್ದಕ್ಕೆ ಅಂದ್ರೆ... ಬಾರ್ಲಿಯಲ್ಲಿ ಸಿಹಿ ಹುಟ್ಸೋ ಶಕ್ತಿ ಇನ್ನೂ ಸತ್ತಿಲ್ಲ.” ಬಸಿದ ರಸವನ್ನೆಲ್ಲ ಮತ್ತೆ ಬಾರ್ಲಿಗೆ ಸುರಿದು ಸಣ್ಣ ಉರಿಯಿಟ್ಟಳು. ದೊಡ್ಡ ಸೌಟನ್ನು ಗಂಡನ ಕಡೆ ಚಾಚಿದಳು.

“ಪಾತ್ರೆ ಹತ್ರ ಬರ್ಬೇಡ ಅಂದಿದ್ದೆ,” ಎಂದ ಎವರಿಸ್ತೊ.

“ಅಂದಿದ್ದೆ. ತಪ್ಪಾಯ್ತು. ತಿರುವು, ನನ್ನ ಕೈ ಸೋತಿದೆ.”

ಮಧ್ಯಾಹ್ನವೆಲ್ಲ ಸರದಿಯಂತೆ ತಿರುವಿದರು. ಎರ್ಸಿಲಿಯಾ ಪಾತ್ರೆಗೆ ಬೆನ್ನು ಹಾಕಿ ಕೂತಿದ್ದಳು. ಕೊನೆಗೆ ನೆಲಿದಾ ಬೆರಳದ್ದಿ ಚೀಪಿದಳು. ಸಿಹಿ ಹುಟ್ಟಿತ್ತು. ಇನ್ನೊಂದು ಬೆರಳನ್ನೂ ಅದ್ದಿ ಗಂಡನ ಬಾಯಿಗಿಟ್ಟಳು.

ಬಸಿದರು, ಕುದಿಸಿದರು, ಆರಿಸಿದರು, ಹುದುಗು ಬಿಟ್ಟರು. ಪೀಪಾಯಿಯ ಮುಚ್ಚಳವನ್ನು ಎವರಿಸ್ತೊ ಒತ್ತಿ ಕೂರಿಸಿದ. ತಂಗಿಯ ಮದುವೆಯ ಬಿಯರು ಒಳಗೆ ಸೇರಿತು.