ಉರಿವ ಗಲ್ಲ, ಸುರಿವ ಮಳೆ

ಅಮರೇಶಪ್ಪ ತನ್ನ ತಂಗಿಯ ಮುಖದ ಮೇಲಿದ್ದ ದುಪಟ್ಟಾವನ್ನು ತಾನೇ ಸರಿಸಿ, ಅಂಗಡಿಯಲ್ಲಿದ್ದವರೆಲ್ಲ ನೋಡುವಂತೆ ಅವಳನ್ನು ಶಾಮಲಾಳ ಮುಂದೆ ನಿಲ್ಲಿಸಿದ.

“ನೋಡ್ರಿ. ನೀವು ಕೊಟ್ಟ ಮುಲಾಮು ಹಚ್ಚಿದ್ದಕ್ಕ ಹಿಂಗಾಗೈತಿ.”

ಶಾಮಲಾ ಕೈಯಲ್ಲಿದ್ದ ಟ್ಯೂಬನ್ನು ಮೇಜಿನ ಮೇಲಿಟ್ಟಳು.

ಅದು ೨೦೦೭ರ ಶ್ರಾವಣ. ಸುಲ್ತಾನ್ ಬಜಾರಿನ ಆ ಸೌಂದರ್ಯ ಸಾಮಗ್ರಿಯ ಅಂಗಡಿಯಲ್ಲಿ ಅವಳು ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಮಳೆಗಾಲದ ತೇವಕ್ಕೆ ಚರ್ಮ ಕಪ್ಪಾಗುತ್ತದೆ, ಈ ಬಿಳುಪಿನ ಮುಲಾಮನ್ನು ದಿನಕ್ಕೆರಡು ಸಲ ಹಚ್ಚಿ ಎಂದು ಮಾಲೀಕ ಕಲಿಸಿದ್ದನ್ನೇ ಗಿರಾಕಿಗಳಿಗೆ ಹೇಳುತ್ತಿದ್ದಳು. ನಂಬಿಯೇ ಹೇಳುತ್ತಿದ್ದಳು. ತಾನೂ ಆರು ತಿಂಗಳಿಂದ ಅದನ್ನೇ ಹಚ್ಚುತ್ತಿದ್ದಳು.

ಜೂನಿನ ಮೊದಲ ಮಳೆಗೆ ಬಂದಿದ್ದ ವಿಶಾಲಾಕ್ಷಿ, ತೆಲುಗಿನ ಗದ್ದಲದ ನಡುವೆ ಕನ್ನಡದ ಹುಡುಗಿ ಸಿಕ್ಕಳೆಂದು ಹಿಗ್ಗಿ, ನಿಶ್ಚಿತಾರ್ಥಕ್ಕೆ ಮುಖ ಬೆಳ್ಳಗಾಗಲೆಂದು ಮುಲಾಮು ಕೊಂಡಿದ್ದಳು. ಈಗ ಆ ಮುಖದ ತುಂಬ ಕೀವುಗಟ್ಟಿದ ಮೊಡವೆ. ಗಂಡಿನ ಕಡೆಯವರು ನೋಡಿ, ಚಹಾ ಸಹ ಮುಟ್ಟದೆ ಎದ್ದು ಹೋಗಿದ್ದರು.

ಗಿರಾಕಿಗಳ ಹಿಂದಿನಿಂದ ಮಾಲೀಕ ಕಣ್ಸನ್ನೆ ಮಾಡಿದ. ಕೆಲಸ ಹೋದರೆ ಮನೆ ನಡೆಯುವುದು ಹೇಗೆ...

“ನಿಮ್ಮ ತಂಗಿ ಮಳಿಗಾಲದಾಗ ಮುಖ ಸ್ವಚ್ಛ ತೊಳದಿರಲಿಕ್ಕಿಲ್ರಿ,” ಎಂದುಬಿಟ್ಟಳು ಶಾಮಲಾ.

ವಿಶಾಲಾಕ್ಷಿ ಗೋಡೆಯತ್ತ ತಿರುಗಿ ಬಿಕ್ಕಿದಳು.

ಅಮರೇಶಪ್ಪ ಒಂದು ಗಳಿಗೆ ಶಾಮಲಾಳ ಮುಖವನ್ನೇ ದಿಟ್ಟಿಸಿದ. ಏನೋ ಹೇಳಹೊರಟವನು ತಡೆದುಕೊಂಡ. ಆಮೇಲೆ ತಣ್ಣಗೆ ಅಂದ:

“ನಿಮ್ಮ ಮುಖಕ್ಕೂ ಹಿಂಗ ಆಗ್ಲಿ. ಆವಾಗ ತಿಳಿತೈತಿ.”

ಹದಿನೈದು ದಿನ ಕಳೆಯಲಿಲ್ಲ. ಶಾಮಲಾಳ ಗಲ್ಲ ಕೆಂಡದಂತಾಯಿತು. ಬೆವರು ತಾಗಿದರೆ ಉರಿ, ಮಳೆಹನಿ ತಾಗಿದರೆ ಉರಿ. ಅವನ ಶಾಪವೇ ತಟ್ಟಿತೆಂದುಕೊಂಡಳು. ಈ ಮುಖ ಕಂಡರೆ ಗಿರಾಕಿ ಓಡುತ್ತಾರೆಂದು ಮಾಲೀಕ ಅವಳನ್ನು ಹಿಂದಿನ ಗೋದಾಮಿಗೆ ತಳ್ಳಿದ. ತಾಯಿ ಸುಂದರಾಬಾಯಿ, ಬಂದವರ ಎದುರು ಹೊರಗೆ ಬರಬೇಡವೆಂದರು. ಅವರು ಬೈದು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮೆಲ್ಲಗೆ ಹೇಳಿದ್ದರು.

ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ, ಬದಿಗೆಸೆದರು. ಇದರಲ್ಲಿ ಚರ್ಮ ಸವೆಸುವ ಸ್ಟೀರಾಯ್ಡ್ ಇದೆ, ಇವತ್ತೇ ಬಿಡು, ಬಿಟ್ಟ ಮೇಲೆ ತಿಂಗಳುಗಟ್ಟಲೆ ಇನ್ನೂ ಉರಿಯುತ್ತದೆ, ತಡೆದುಕೋ ಎಂದರು. ಮಳೆಗಾಲ ಮುಗಿಯುವ ತನಕ ತಣ್ಣೀರು, ಮೆದು ಸಾಬೂನು. ಒರೆಸಬಾರದು, ಹತ್ತಿಬಟ್ಟೆಯಿಂದ ಒತ್ತಿಕೊಳ್ಳಬೇಕು. ಒದ್ದೆ ದುಪಟ್ಟಾ ಮುಖಕ್ಕೆ ಸುತ್ತಲೇಬಾರದು.

ಹೊರಗಿನ ಸಾಲಿನಲ್ಲಿ ಅಣ್ಣ ತಂಗಿ ಇಬ್ಬರೂ ನಿಂತಿದ್ದರು.

ವಿಶಾಲಾಕ್ಷಿ ಅವಳನ್ನು ನೋಡಿ ನಕ್ಕಳು. “ಈಗ ಸಮಾ ಆತು,” ಎಂದಳು. ಅಮರೇಶಪ್ಪ ತಲೆ ತಗ್ಗಿಸಿದ. ಅವನೂ ಒಳಗೊಳಗೇ ನಗುತ್ತಿದ್ದಾನೆ ಎಂದುಕೊಂಡು ಶಾಮಲಾ ಸರಸರನೆ ನಡೆದುಬಿಟ್ಟಳು.

ಆದರೆ ಮರುದಿನ ಗೋದಾಮಿನಲ್ಲಿ ಟ್ಯೂಬುಗಳನ್ನು ಡಬ್ಬಿಗೆ ತುಂಬುವಾಗ ಅವಳಿಗೆ ಆ ನಗು ನೆನಪಾಗಲಿಲ್ಲ. ಗೋಡೆಯತ್ತ ತಿರುಗಿ ಅತ್ತ ಬೆನ್ನು ನೆನಪಾಯಿತು. ಎದ್ದಳು. ಗಿರಾಕಿಗಳ ನಡುವೆ ಬಂದು ಮುಖ ಮುಚ್ಚಿದ್ದ ದುಪಟ್ಟಾ ತೆಗೆದಳು. ಇದನ್ನು ಕೊಳ್ಳಬೇಡಿ, ನನ್ನ ಮುಖ ನೋಡಿ ಎಂದು ತೆಲುಗಿನಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಹೇಳಿದಳು. ಮಾಲೀಕ ತೋಳು ಹಿಡಿದು ಸುರಿಯುವ ಮಳೆಗೆ ನೂಕಿದ. ಯಾರೂ ತಡೆಯಲಿಲ್ಲ.

ಬಜಾರಿನಲ್ಲಿ ಸುದ್ದಿ ಹಬ್ಬಿತು. ಆ ಭಾನುವಾರ ಅಮರೇಶಪ್ಪ ವಿಳಾಸ ಕೇಳಿಕೊಂಡು ಬಂದು ನಾಚಾರಂನ ಅವಳ ಮನೆಯ ಬಾಗಿಲಲ್ಲಿ ನಿಂತಿದ್ದ.

“ಶಾಪ ಫಲಿಸಿದ್ದು ನೋಡಾಕ ಬಂದ್ರೇನು?”

“ಶಾಪ ಅಲ್ಲರಿ ಅದು.” ಅವನು ಹೊಸ್ತಿಲಿನಾಚೆಯೇ ನಿಂತು ಹೇಳಿದ. “ನಾ ಔಷಧ ಕಾರ್ಖಾನಿ ಲ್ಯಾಬಿನ್ಯಾಗ ಕೆಲಸಾ ಮಾಡಾಂವ. ಅವತ್ತೇ ನಿಮ್ಮ ಗಲ್ಲದ ಮ್ಯಾಲ ಕೆಂಪು ಕಂಡಿದ್ದೆ. ನೀವೂ ಹಚ್ಚಾಕತ್ತೀರಿ ಅಂತ ಗೊತ್ತಾತು. ನಿಲ್ಲಸ್ರಿ ಅಂತ ಒಂದ ಮಾತು ಹೇಳಬೇಕಿತ್ತು. ಸಿಟ್ಟಿಗೆ ಹೇಳಲಿಲ್ಲ...”

ಶಾಮಲಾ ಬಾಗಿಲು ಹಾಕಿದಳು.

ಮುಂದಿನ ಭಾನುವಾರವೂ ಅವನು ಬಂದ. ಅದರ ಮುಂದಿನದೂ. ಅವಳು ಮಾತಾಡಿಸದಿದ್ದರೂ ಆಸ್ಪತ್ರೆಯ ಸಾಲಿನಲ್ಲಿ ಅವಳ ಪರವಾಗಿ ನಿಂತ. ‘ಇವನನ್ನು ಹೇಗೆ ಕ್ಷಮಿಸಲಿ? ನಾನಾದರೂ ಸುಳ್ಳು ಹೇಳಿ ಒಂದು ಹುಡುಗಿಯ ಬಾಳು ಕೆಡಿಸಲಿಲ್ಲವೇ?’ ಎಂದು ಅವಳು ಒಳಗೇ ಬೇಯುತ್ತಿದ್ದಳು. ಐದನೆಯ ವಾರ, ಕುಡಿಯಲು ನೀರು ಕೊಟ್ಟಳು.

ಮಳೆ ಹಿಂದೆಗೆದ ದಿನ ಡಾಕ್ಟರಮ್ಮ, ಕಲೆಗಳು ಪೂರ್ತಿ ಹೋಗಲಾರವು ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಮರೇಶಪ್ಪ ಅವಳನ್ನು ಮದುವೆಯಾಗುತ್ತೀರಾ ಎಂದು ಕೇಳಿದ.

“ಕರುಣಾ ಏನ್ರಿ ಇದು?”

“ಅಲ್ಲ. ಅಂಗಡ್ಯಾಗ ಮುಖಾ ತೋರಿಸಿ ನಿಂತ ಸುದ್ದಿ ಕೇಳಿದಾಗಿಂದ ನಿಮ್ಮನ್ನ ಬಿಟ್ಟು ಬ್ಯಾರೆ ಯಾರೂ ಮನಸಿನ್ಯಾಗ ಇಲ್ಲ.”

“ವಿಶಾಲಾಕ್ಷಿ ನನ್ನನ್ನ ನಿಮ್ಮ ಮನಿಯೊಳಗ ಕರಕೋತಾಳೇನು?”

“ಇಲ್ಲ,” ಎಂದ ಅವನು. ಸುಳ್ಳು ಹೇಳಲಿಲ್ಲ.

“ಆದ್ರೂ ಆಕಿ ಕಾಲಿಗೆ ಬೀಳಾಕ ನಾ ಬರ್ತೀನಿ. ಬೈದರ ಬೈಲಿ,” ಎಂದಳು ಶಾಮಲಾ.

ಅವನ ಕೈ ತಾನಾಗಿಯೇ ಅವಳ ಗಲ್ಲವನ್ನು ಮುಟ್ಟಿತು. ಅವಳ ಕಣ್ಣಲ್ಲಿ ನೀರು ಬಂತು.

“ಉರಿತೈತೇನು?”

“ಭಾಳ ಉರಿತೈತಿ...” ಶಾಮಲಾ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. “ತಗೀಬ್ಯಾಡ್ರಿ.”