ಐವತ್ತೈದು ಸುತ್ತಿನ ಮೋಟರ್

"ಇದನ್ನ ಸುಟ್ಟವರು ಯಾರ್ರೀ?"

ಭಾಗ್ಯಶ್ರೀ ಕೇಳಿದ ಧಾಟಿಗೆ ಎದುರಿಗಿದ್ದವನು ಒಂದು ಹೆಜ್ಜೆ ಹಿಂದೆ ಸರಿದ.

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಸಿಂಧನೂರಿನ ಆ ವೈಂಡಿಂಗ್ ಅಂಗಡಿಗೆ ಬರುವವರೆಲ್ಲ ಪಂಪಿನ ಮೋಟರುಗಳನ್ನು ಆಟೋದಲ್ಲಿ ಹೇರಿಕೊಂಡು ಬರುವವರು. ಇವನು ಅಂಗಿಯ ಜೇಬಿನಿಂದ ಹೆಬ್ಬೆರಳಿನಷ್ಟು ಮೋಟರ್ ತೆಗೆದು ಟೇಬಲ್ ಮೇಲೆ ಇಟ್ಟಿದ್ದ. ಅದೂ ಸುಟ್ಟು ಕರಕಲಾಗಿತ್ತು!

"ನಾನ ಸುಟ್ಟೀನ್ರೀ..."

"ನೀವಲ್ಲ ಬಿಡ್ರಿ. ಸಣ್ಣ ಹುಡುಗರ ಕೈಯಾಗ ಆಟಿಗಿ ಸಾಮಾನು ಕೊಟ್ರ ಹಿಂಗ ಆಗೋದು. ನಿಮ್ಮ ಮಗ ಎಷ್ಟು ವರ್ಷದವ?"

"ಮಗ ಇಲ್ರೀ. ಮದುವೀನ ಆಗಿಲ್ಲ. ಗಾಡಿ... ನಂದ."

ಗೊರೇಬಾಳದ ದುರುಗಪ್ಪ ತನ್ನ ಪಂಪಿನ ಮೋಟರಿಗಾಗಿ ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕಾಯುತ್ತಿದ್ದವನು ಗಹಗಹಿಸಿ ನಕ್ಕ. ಭಾಗ್ಯಶ್ರೀ ತುಟಿ ಕಚ್ಚಿಕೊಂಡಳು. ನಗಬಾರದು ಎಂದುಕೊಂಡಷ್ಟೂ ನಗು ಬರುತ್ತಿತ್ತು. ಮೂವತ್ತರ ಆಸುಪಾಸಿನ ಗಂಡಸು, ಇಸ್ತ್ರಿ ಮಾಡಿದ ಅಂಗಿ, ಆಟಿಕೆ ಸುಟ್ಟುಹೋಯಿತೆಂದು ಇಷ್ಟು ಸಪ್ಪೆ ಮುಖ!

ಅವನು ಮೊಬೈಲ್ ತೆರೆದು ಅವಳ ಮುಂದೆ ಹಿಡಿದ.

ಮೊಣಕಾಲಿಗೂ ಬಾರದಷ್ಟು ಪುಟ್ಟ ಜೀಪೊಂದು ಬಂಡೆ ಹತ್ತುತ್ತಿತ್ತು. ಜೋರಾಗಿ ಅಲ್ಲ, ಒಂದೊಂದೇ ಗಾಲಿಯನ್ನು ಕಲ್ಲಿಗೆ ಒತ್ತಿ, ತಡಕಾಡಿ, ಬಾಗಿ, ಮತ್ತೆ ಹತ್ತಿ...

"ಕ್ರಾಲರ್ ಅಂತಾರ್ರೀ. ರಿಮೋಟಿನಿಂದ ನಡೀತೈತಿ. ಕಲ್ಲು ಹತ್ತಾಕಂತ ಮಾಡಿದ್ದು."

ಭಾಗ್ಯಶ್ರೀ ನಗು ಮರೆತಳು. "ಇಷ್ಟು ನಿಧಾನ ಹೋದ್ರೂ ನಿಲ್ಲವಲ್ದಲ್ಲ! ಹೆಂಗ? ಇನ್ನೊಮ್ಮೆ ಹಾಕ್ರಿ."

ಅವನು ಹಾಕಿದ. ಅವಳು ಮೂರು ಸಲ ನೋಡಿದಳು.

"ಎಲ್ಲಾ ಗಾಡೀನೂ ಹಿಂಗ ಹತ್ತತಾವ ಅಂತ ತಿಳಕೊಂಡು ನಾ ಒಂದು ಆಟಿಗಿ ಜೀಪು ತಂದೆ. ಮಸ್ಕಿ ಗುಡ್ಡದಾಗ ಎರಡನೇ ಕಲ್ಲಿಗೇ ಹೊಗಿ ಬಂತು" ಎಂದ ಅವನು. "ಇಲ್ಲಿ ಛಲೋ ವೈಂಡರ್ ಅದಾರಂತ. ಅವರು ನೀವೇನ್ರೀ ಯಜಮಾನ್ರ?"

ಕೊನೆಯ ಮಾತು ಒಳಗೆ ಕುಳಿತಿದ್ದ ಅವಳ ಅಪ್ಪ ಕರಿಬಸಯ್ಯನಿಗೆ.

"ನನ್ನ ಕೈ ನಡಗಾಕತ್ತು ನಾಕು ವರ್ಷ ಆತು ತಮ್ಮಾ. ಈಗ ಎಲ್ಲಾ ನನ್ನ ಮಗಳದ."

ಭಾಗ್ಯಶ್ರೀ ತಲೆ ಎತ್ತಲಿಲ್ಲ. ಮುಂದೇನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹುಡುಗಿ ನೋಡಲು ಬಂದ ಮೂರು ಮನೆಯವರೂ ಹೀಗೇ ಅವಳ ಕೈ ನೋಡಿದ್ದರು. ಉಗುರಿನ ಸಂದಿನ ವಾರ್ನಿಶ್ ಕಲೆ, ತಂತಿ ಎಳೆದು ಒರಟಾದ ಬೆರಳು. ಆಮೇಲೆ "ಮದುವಿ ಆದಮ್ಯಾಲೆ ಇದನ್ನೆಲ್ಲ ಬಿಡ್ತಾಳಲ್ರೀ?" ಎಂದು ಕೇಳಿದ್ದರು. ಬಿಡುವುದಿಲ್ಲ ಎಂದು ಅವಳೇ ಹೇಳಿದ್ದಳು. ಮೂರೂ ಮುರಿದವು.

ಇವನೂ ಅವಳ ಕೈಯನ್ನೇ ನೋಡುತ್ತಿದ್ದ.

"ಇಷ್ಟು ಸಣ್ಣ ತಂತಿ ಸುತ್ತು ಎಣಿಸೋದು ಹೆಂಗ್ರೀ?"

ಅವಳ ಎದೆಯಲ್ಲಿ ಏನೋ ಸಡಿಲಾಯಿತು. ಮೋಟರಿನ ಡಬ್ಬಿ ಬಿಚ್ಚಿ, ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಬಿಡಿಸಿ ತೋರಿಸಿದಳು. ಅವನು ಟೇಬಲ್ಲಿಗೆ ಗದ್ದ ಊರಿ ಕುಳಿತ.

"ಇಪ್ಪತ್ತು ಸುತ್ತು ಐತಿ. ಸುತ್ತು ಕಮ್ಮಿ ಇದ್ರ ಓಟ ಜಾಸ್ತಿ. ಆದ್ರ ಕಲ್ಲಿಗೆ ಸಿಕ್ಕಿ ನಿಂತಾಗ ಕರೆಂಟ್ ಎಳಕೊಂಡು ಸುಡ್ತೈತಿ. ನಿಮ್ಮ ಕೆಲಸಕ್ಕ ಸುತ್ತು ಜಾಸ್ತಿ ಇರಬೇಕು. ಇದನ್ನ ಮತ್ತ ಸುತ್ತಿದ್ರ ಉಪಯೋಗಿಲ್ಲ. ಕಲ್ಲು ಹತ್ತೋ ಬ್ಯಾರೆ ಗಾಡೀನ ನೋಡ್ರಿ."

"ನೀವು ನೋಡಿ ಹೇಳ್ತೀರೇನು?"

"ಅಕ್ಕಾರ, ನನ್ನ ಮೋಟರ್!" ದುರುಗಪ್ಪ ಬೆಂಚಿನಿಂದ ಕೂಗಿದ. "ನನ್ನ ಗದ್ದಿ ಒಣಗಾಕತ್ತೈತಿ, ನೀವು ಆಟ ಆಡಾಕತ್ತೀರಿ!"

ಹೋಗುವಾಗ ಜೀಪಿನವನು ಅಂಗಡಿಯ ಪುಸ್ತಕದಲ್ಲಿ ಬರೆದ: ಸಂಗನಬಸವ, ಸರ್ವೇಯರ್, ಮಸ್ಕಿ.

*

ಅಂದಿನಿಂದ ವಾರಕ್ಕೆರಡು ಸಲ ಸಂಜೆಯ ಬಸ್ಸಿಗೆ ಸಂಗನಬಸವ ಬರತೊಡಗಿದ. ದಿನವಿಡೀ ಊರವರ ಹೊಲದ ಬದು ಅಳೆದು ಮುಖ ಕಪ್ಪಿಟ್ಟಿರುತ್ತಿತ್ತು. ಬಂದವನೇ ಮೊಬೈಲ್ ತೆರೆಯುತ್ತಿದ್ದ.

"ಕ್ರಾಲರ್ ಜೋಡಿಸಿದ್ದು ತಗೊಳ್ಳಲೋ, ಬಿಡಿ ಸಾಮಾನಿನ ಕಿಟ್ ತಗೊಳ್ಳಲೋ?"

"ಕಿಟ್! ಜೋಡಿಸಿದ್ದು ತಗೊಂಡ್ರ ಒಳಗೇನೈತಿ ನಮಗೆ ಹೆಂಗ ಗೊತ್ತಾಗ್ತೈತಿ?"

ನಮಗೆ... ಆ ಮಾತು ಬಾಯಿಂದ ಬಿದ್ದ ಮೇಲೆ ಭಾಗ್ಯಶ್ರೀ ಸುಮ್ಮನೆ ತಂತಿಯ ಉರುಳೆಯತ್ತ ತಿರುಗಿದಳು. ಅವನು ಕೇಳಿಸಿಕೊಳ್ಳದವನಂತೆ ನಟಿಸಿದ. ನಟನೆ ಅವನಿಗೆ ಒಂಚೂರೂ ಬರುತ್ತಿರಲಿಲ್ಲ.

ಕಿಟ್ ಬಂತು. ಮೋಟರ್ ಅದರೊಳಗಿರಲಿಲ್ಲ, ಬೇರೆ ಆರಿಸಿ ತರಿಸಬೇಕಿತ್ತು. ಸಾಸಿವೆಯಂಥ ಸ್ಕ್ರೂಗಳನ್ನು ಸ್ಟೀಲ್ ತಾಟಿನಲ್ಲಿ ಸುರಿದುಕೊಂಡು ಇಬ್ಬರೂ ಮೂರು ಸಂಜೆ ಕುಳಿತರು. ಎರಡು ಹಲ್ಲುಚಕ್ರಗಳನ್ನು ಕೈಯಲ್ಲಿ ಜೋಡಿಸಿ ಹಿಡಿದು, ನಡುವೆ ಹಳೆಯ ಪೇಪರಿನ ಪಟ್ಟಿ ತೂರಿಸಿ ಅವಳು ತೋರಿಸಿದಳು.

"ಬಿಗಿ ಆದ್ರ ಸವೀತಾವ, ಸಡಿಲಾದ್ರ ಜಾರ್ತಾವ. ನಡುವ ಒಂದು ಕಾಗದ ಇಟ್ಟು ಮೋಟರ್ ಬಿಗೀಬೇಕು. ಆಮ್ಯಾಲೆ ಕಾಗದ ಎಳದು ಒಗದುಬಿಡಬೇಕು."

ಪಟ್ಟಿ ಎಳೆಯುವಾಗ ಅವನ ಬೆರಳು ತಾಗಿತು. ಇಬ್ಬರೂ ಕೈ ಹಿಂದಕ್ಕೆ ತೆಗೆಯುವುದನ್ನು ಮರೆತರು.

ಒಳಗಿಂದ ಕರಿಬಸಯ್ಯ ಕೆಮ್ಮಿದ.

"ಮೋಟರ್ ಮೂವತ್ತೈದು ಸುತ್ತಿಂದು ಸಾಕಲ್ರೀ?" ಸಂಗನಬಸವ ಗಡಬಡಿಸಿ ಕೇಳಿದ. "ಸ್ವಲ್ಪ ಓಡಲಿ..."

"ಐವತ್ತೈದು. ಓಡಬೇಕಂದ್ರ ಬೈಕ್ ತಗೋರಿ, ಇದು ಹತ್ತೋ ಗಾಡಿ."

ಐವತ್ತೈದು ಸುತ್ತಿನ ಮೋಟರನ್ನೇ ಅವನು ತರಿಸಿದ. ಹಗಲು ತಾನು ಹೊಲದಲ್ಲಿರುತ್ತೇನೆಂದು ಅಂಗಡಿಯ ವಿಳಾಸ ಕೊಟ್ಟ. ಪಾರ್ಸೆಲ್ ತಡವಾಗಿ ಬರಲಿ ಎಂದು ಭಾಗ್ಯಶ್ರೀಗೆ ಅನ್ನಿಸಿತು. ಬಂದುಬಿಟ್ಟರೆ ಇವನು ಬರಲು ಕಾರಣವೇನು ಉಳಿಯುತ್ತದೆ?

*

ಆ ಹೊತ್ತಿಗೇ, ಅಂಗಡಿಯತ್ತ ಕಾಲೇ ಇಡದ ಅವಳ ಅವ್ವ ಉಮಾದೇವಿ ನಾಲ್ಕನೇ ಸಂಬಂಧ ಹುಡುಕಿದ್ದಳು. ಲಿಂಗಸುಗೂರಿನ ಹಿರೇಮಠರ ಮನೆ. ಈ ಸಲ ಬಯೋಡಾಟಾವನ್ನು ತಾನೇ ನಿಂತು ಮಾಡಿಸಿದ್ದಳು. ಮಗಳ ಕೈಗೆ ಪ್ರಿಂಟ್ ಕೊಟ್ಟಳು.

ಉದ್ಯೋಗ: ಮನೆಗೆಲಸ. ಹವ್ಯಾಸ: ರಂಗೋಲಿ, ಕಸೂತಿ.

"ಅವ್ವಾ! ಇದು ಯಾರದು? ನಾ ಯಾವತ್ತು ರಂಗೋಲಿ ಹಾಕೀನಿ?"

"ಹಾಕು! ಈಗಿಂದ ಹಾಕು!" ಉಮಾದೇವಿಯ ಕಣ್ಣು ತುಂಬಿದವು. "ಮೂರು ಮನಿಯವರು ಎದ್ದು ಹೋದ್ರು ಭಾಗ್ಯಾ. ನನ್ನ ಜೀವ ಇನ್ನೆಷ್ಟು ತಡೀತೈತಿ? ಮೊದಲು ಅವರು ಹೂಂ ಅನ್ನಲಿ."

ಅವ್ವನ ಅಳುವಿನ ಮುಂದೆ ಅವಳು ಸೋತಳು. ತನ್ನ ಫೋನಿನಲ್ಲಿದ್ದ ಹುಡುಗನ ಫೋಟೋ ನೋಡು ಎಂದು ಅವ್ವ ಅಂದರೂ ನೋಡಲಿಲ್ಲ. ಕಣ್ಣು ಮುಚ್ಚಿದರೆ ಬಿಸಿಲಿಗೆ ಕಪ್ಪಿಟ್ಟ ಇನ್ನೊಂದೇ ಮುಖ ಕಾಣುತ್ತಿತ್ತು. ಆದರೆ ಆ ಮುಖ ಮೋಟರು, ಸ್ಕ್ರೂ ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಅವನು ಬರುವುದು ಗಾಡಿಗಾಗಿಯೋ, ತನಗಾಗಿಯೋ?

ಶುಕ್ರವಾರ ಉಮಾದೇವಿ ಅಡುಗೆಮನೆಯಿಂದ ಫೋನ್ ಹಿಡಿದೇ ಹೊರಬಂದಳು.

"ನೋಡಾಕ ಸುದ್ದಾ ಬರಂಗಿಲ್ಲಂತ! ಹುಡುಗ ಒಲ್ಲೆ ಅಂದಾನಂತ! ಯಾರೋ ಅಂಗಡಿ ಸುದ್ದಿ ಹೇಳ್ಯಾರ, ಮತ್ತೇನೂ ಅಲ್ಲ. ನೋಡು, ಇವನ ನೋಡು ಆ ದೊಡ್ಡ ಮನಷ್ಯಾ!"

ಭಾಗ್ಯಶ್ರೀ ನೋಡಿದಳು.

ಇಸ್ತ್ರಿ ಮಾಡಿದ ಅಂಗಿ. ನಟಿಸಲು ಬಾರದ ಆ ಮುಖ. ಕೆಳಗೆ ಹೆಸರು: ಎಸ್. ಎಸ್. ಹಿರೇಮಠ, ಸರ್ವೇಯರ್, ಮಸ್ಕಿ.

ಅವಳು ಫೋನನ್ನು ಮಗುಚಿಟ್ಟಳು. ಹಾಗಾದರೆ... ಇವನು ಇಷ್ಟು ದಿನ ಬಂದದ್ದು ತನ್ನನ್ನು ಪರೀಕ್ಷೆ ಮಾಡಲಿಕ್ಕೆ? ಪಕ್ಕದಲ್ಲೇ ಕುಳಿತು, ಕೈ ನೋಡಿ, ವಾರ್ನಿಶ್ ವಾಸನೆ ನೋಡಿ, ಆಮೇಲೆ ಒಲ್ಲೆ ಎಂದನೇ?

ಮೂವರು ಒಲ್ಲೆ ಎಂದಾಗ ಅವಳು ಅತ್ತಿರಲಿಲ್ಲ. ಈಗ ಪಂಪಿನ ಮೋಟರಿನ ಹಿಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಅವನ ಫೋನು ನಾಲ್ಕು ಸಲ ಬಂತು. ಎತ್ತಲಿಲ್ಲ. ಶನಿವಾರ ಪಾರ್ಸೆಲ್ ಬಂತು. ಅವಳು ಒಂದೇ ಸಾಲು ಕಳಿಸಿದಳು: "ಮೋಟರ್ ಬಂದೈತಿ. ನಾಳೆ ಎಲ್ಲಿರ್ತೀರಿ?"

"ಮಸ್ಕಿ ಗುಡ್ಡದ ಬುಡದಾಗ. ನಾನ ಬರ್ತೀನಿ, ನೀವು ತ್ರಾಸ ತಗೋಬ್ಯಾಡ್ರಿ."

ತ್ರಾಸ ತೆಗೆದುಕೊಳ್ಳಬೇಕೆಂದೇ ಅವಳು ನಿರ್ಧರಿಸಿದ್ದಳು.

*

ಭಾನುವಾರ ಬೆಳಿಗ್ಗೆ ಬಸ್ಸಿಳಿದು ಗುಡ್ಡದ ಬುಡಕ್ಕೆ ನಡೆದಳು. ಚೀಲದಲ್ಲಿ ಮೋಟರ್, ಸ್ಕ್ರೂಡ್ರೈವರ್, ಬಯೋಡಾಟಾದ ಪ್ರಿಂಟು. ಬಾಯಿತುಂಬ ಬೈಗುಳ.

ಸಂಗನಬಸವ ಮೊಣಕಾಲೂರಿ, ಮೋಟರಿಲ್ಲದ ಗಾಡಿಯನ್ನು ಕೈಯಿಂದಲೇ ಬಂಡೆಯ ಮೇಲೆ ತಳ್ಳುತ್ತಿದ್ದ. ಗಾಲಿ ಹೇಗೆ ಬಾಗುತ್ತವೆ ಎಂದು ನೋಡುತ್ತಿದ್ದನಂತೆ. ಬಾಯಲ್ಲಿ "ಗುರ್ರ್..." ಎಂದು ಸದ್ದು ಬೇರೆ! ಅವಳನ್ನು ಕಂಡು ತಟ್ಟನೆ ಎದ್ದು ನಿಂತ.

ಅವಳಿಗೆ ನಗು ಬಂತು. ಅದೇ ಇನ್ನಷ್ಟು ಸಿಟ್ಟು ತರಿಸಿತು.

"ತಗೋರಿ ನಿಮ್ಮ ಮೋಟರ್. ಇನ್ನ ನಮ್ಮ ಅಂಗಡಿಗೆ ಬರಬ್ಯಾಡ್ರಿ ಹಿರೇಮಠ ಅವರೇ."

"ಯಾಕ್ರೀ? ಏನಾತು?"

"ಏನಾತು? ನನ್ನ ಕೈಲೇ ಸ್ಕ್ರೂ ಬಿಗಿಸಿಕೊಂಡು, ನಿಮ್ಮ ಮನಿಯವರಿಗೆ 'ಈ ಹುಡುಗಿ ಒಲ್ಲೆ' ಅಂತ ಹೇಳಿರಲ್ಲ! ಮಾರಿಗೆ ಹೇಳಬೇಕಿತ್ತು. ಮೋಟರ್ ಸುತ್ತೋ ಹುಡುಗಿ ಬ್ಯಾಡ ಅಂತ, ನನ್ನ ಮಾರಿಗೇ..." ಬಯೋಡಾಟಾ ಅವನ ಎದೆಗೆ ಹಿಡಿದಳು.

ಅವನು ಕಾಗದ ನೋಡಿದ. ಅವಳನ್ನು ನೋಡಿದ. ಮತ್ತೆ ಕಾಗದ. ಮುಖದ ಬಣ್ಣವೇ ಇಳಿಯಿತು.

"ಸಿಂಧನೂರು ಸಂಬಂಧ... ನೀವು?"

"ಗೊತ್ತಿಲ್ಲದವರಂಗ ಮಾಡಬ್ಯಾಡ್ರಿ!"

ಅವನು ಮೊಬೈಲ್ ತೆರೆದು ಅವಳ ಮುಂದೆ ಹಿಡಿದ, ಮೊದಲ ದಿನ ಹಿಡಿದಂತೆಯೇ. ಅವನ ಅವ್ವ ಕಳಿಸಿದ ಬಯೋಡಾಟಾದ ಫೈಲು. ಅದರ ಮೇಲೆ ಡೌನ್‌ಲೋಡ್ ಬಾಣ ಹಾಗೇ ಇತ್ತು. ತೆರೆದೇ ಇರಲಿಲ್ಲ.

"ನೋಡೇ ಇಲ್ರೀ ನಾ. ನಮ್ಮವ್ವಗ ಅಂದೆ, ಯಾರನ್ನೂ ತೋರಸಬ್ಯಾಡ, ನನ್ನ ಮನಸ್ಸಿನಾಗ ಒಬ್ಬಾಕಿ ಅದಾಳ ಅಂತ."

ಗಾಳಿ ಬೀಸಿತು. ಭಾಗ್ಯಶ್ರೀ ಚೀಲ ಕೆಳಗಿಟ್ಟಳು.

"ಯಾರು...?"

"ಸಿಂಧನೂರಾಗ ಒಬ್ಬಾಕಿ ಅದಾಳ್ರೀ. ಸೂಜೀಲೆ ತಂತಿ ಎಣಿಸ್ತಾಳ. ಮೋಟರ್ ಬಂದ ದಿನ ಹೇಳಬೇಕು ಅಂತ ಮಾಡಿದ್ದೆ." ಅವನು ಪ್ರಿಂಟಿನ ಮೇಲೆ ಬೆರಳಿಟ್ಟ. "ರಂಗೋಲಿ, ಕಸೂತಿ... ಈ ಹುಡುಗಿ ಯಾರ್ರೀ? ನನಗ ಪರಿಚಯ ಇಲ್ಲ."

"ನನಗೂ ಇಲ್ಲ" ಎಂದಳು ಭಾಗ್ಯಶ್ರೀ. ಅಳುವೂ ನಗುವೂ ಒಟ್ಟಿಗೇ ಬಂದವು.

ಇಬ್ಬರೂ ಬಂಡೆಯ ಮೇಲೆ ಕುಳಿತರು.

"ಮದುವಿ ಆದಮ್ಯಾಲೆ..." ಅವಳು ನಿಧಾನ ಶುರುಮಾಡಿದಳು. "ನಾ ಅಂಗಡಿ ಬಿಡಂಗಿಲ್ಲ."

"ಬಿಟ್ರ ನನ್ನ ಮೋಟರ್ ಯಾರು ನೋಡಬೇಕು? ದಿನಾ ಬಸ್ ಐತಿ. ನೀವು ಮಸ್ಕಿಯಿಂದ ಹೋಗಿ ಬರ್ರಿ, ಇಲ್ಲಾ ನಾ ಸಿಂಧನೂರಿಂದ ಬಂದು ಹೋಗ್ತೀನಿ."

ಇಷ್ಟು ಸಲೀಸಾಗಿ ಯಾರಾದರೂ ಈ ಉತ್ತರ ಕೊಡಬಹುದೆಂದು ಅವಳು ಎಣಿಸಿರಲೇ ಇಲ್ಲ.

"ಗಾಡಿ ಕೊಡ್ರಿ ಇಲ್ಲಿ" ಎಂದಳು ಕಣ್ಣೊರೆಸಿಕೊಂಡು.

ಗಾಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮೋಟರ್ ಕೂರಿಸಿದಳು. ಹಲ್ಲುಚಕ್ರಗಳ ನಡುವೆ ಇಡಲು ಕಾಗದ ಬೇಕಾಯಿತು. ಅವನು ಜೇಬು ತಡಕಾಡಿದ. ಅವಳು ಬಯೋಡಾಟಾ ತೆಗೆದುಕೊಂಡು "ಉದ್ಯೋಗ", "ಹವ್ಯಾಸ" ಎಂಬ ಎರಡು ಸಾಲುಗಳನ್ನು ಸರ್ರನೆ ಹರಿದು ಪಟ್ಟಿ ಮಾಡಿದಳು. ನಡುವೆ ಇಟ್ಟು ಸ್ಕ್ರೂ ಬಿಗಿದಳು.

"ಎಳೀರಿ" ಎಂದಳು.

ಅವನು ಎಳೆದ. ಹಲ್ಲಿನ ಗುರುತು ಮೂಡಿದ ಪಟ್ಟಿಯನ್ನು ಎಸೆಯದೆ ಜೇಬಿಗೆ ಹಾಕಿಕೊಂಡ.

ರಿಮೋಟ್ ಅವಳ ಕೈಗೆ ಕೊಟ್ಟ. ಗಾಡಿ ಬಂಡೆಗೆ ಗಾಲಿ ಕೊಟ್ಟಿತು, ತಡಕಾಡಿತು, ಬಾಗಿತು... ಮತ್ತೆ ಹತ್ತಿತು. ಎರಡನೇ ಕಲ್ಲು ದಾಟಿತು. ಮೂರನೆಯದೂ!

"ಐವತ್ತೈದು ಸರಿ ಐತಿ" ಎಂದ ಸಂಗನಬಸವ.

"ನಾ ಹೇಳಿರಲಿಲ್ಲೇನು? ಅದಿರಲಿ, ನಿಮ್ಮವ್ವಗ ಏನು ಹೇಳ್ತೀರಿ ಈಗ?"

"ನಾ ಒಲ್ಲೆ ಅಂದ ಹುಡುಗೀನ ಬೇಕು ಅಂತ ಹೇಳ್ತೀನಿ. ಬೈತಾಳ. ನೀವು ನಿಮ್ಮವ್ವಗ?"

ಭಾಗ್ಯಶ್ರೀ ಗಾಡಿಯಿಂದ ಕಣ್ಣು ಕೀಳಲಿಲ್ಲ. ಕೆನ್ನೆ ಮಾತ್ರ ಕೆಂಪಾಯಿತು.

"ಬಯೋಡಾಟಾ ಹರದು ಬಂದೀನಿ ಅಂತೀನಿ. ನಾನೂ ಬೈಸಿಕೊಳ್ತೀನಿ."